ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರಿಗೆ

1/4
ಸೋಫಾ ಮೇಲಿನ ಈ ಹಳದಿ ಕಲೆಯ ಫೋಟೋ ಕಳಿಸಿದ್ದು ನಮ್ಮ ಕ್ಲಾಸಿನವರೇ. ಹೆಸರು ಹಾಕಲ್ಲ. 7 ತಿಂಗಳ ಗಂಡು ಮೊಲ, ನ್ಯೂಟರ್ ಆಪರೇಷನ್ ಆಗಿ 2 ವಾರ. ಜೊತೆಗೊಂದು ಮೆಸೇಜು: "ಅಷ್ಟು ದುಡ್ಡು ಸುರಿದ್ರೂ ಎಲ್ಲಾ ಕಡೆ ಉಚ್ಚೆ. ಇದು ಕಲಿಯೋ ಪ್ರಾಣಿ ಅಲ್ಲ. ಭಾನುವಾರ ಪಾರ್ಕಲ್ಲಿ ಬಿಟ್ಟು ಬರ್ತೀನಿ."

ಉತ್ತರ ಇಲ್ಲೇ ಕೊಡ್ತೀನಿ, ಯಾಕಂದ್ರೆ ಇದೇ ಮಾತನ್ನ ನಿಮ್ಮಲ್ಲಿ ಇನ್ನೂ ಕೆಲವರು ಹೇಳಿದೀರ. ಕಲಿಯಲ್ಲ ಅನ್ನೋದು ಸುಳ್ಳು. ಸಾಕುಮೊಲಗಳೆಲ್ಲ ಯುರೋಪಿನ ಕಾಡುಮೊಲದ ಸಂತತಿ. ಅವು ಬಿಲ ತೋಡಿ ಗುಂಪಾಗಿ ಬದುಕುತ್ತವೆ, ಗೊತ್ತುಮಾಡಿಕೊಂಡ ಜಾಗಗಳಲ್ಲೇ ಹಿಕ್ಕೆ ಗುಡ್ಡೆ ಹಾಕುತ್ತವೆ. ಅಂದ್ರೆ ಒಂದು ಜಾಗ ಹಿಡಿಯೋ ಬುದ್ಧಿ ಹುಟ್ಟಿನಿಂದಲೇ ಬಂದಿದೆ. "ನಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಅನ್ನೋ ಗಾದೆಯಲ್ಲೂ ಹಠ ಮಾಡ್ತಿರೋದು ಮೊಲ ಅಲ್ಲ ಸ್ವಾಮಿ, ಹಿಡಿದವನು.

ಪಾರ್ಕಿನ ವಿಷಯ. ನಮ್ಮ ಹೊಲಗಳಲ್ಲಿ ಓಡೋ ಮೊಲ ಬೇರೆಯೇ ಜಾತಿ. ಅದು ಬದುಕಿದ ಹಾಗೆ ನಿಮ್ಮ ಬಿಳಿ ಮೊಲ ಬದುಕಲ್ಲ. ಬೀದಿನಾಯಿ, ಬೆಕ್ಕು, ಹದ್ದು, ಯಾರ ಕಣ್ಣಿಗೆ ಮೊದಲು ಬೀಳುತ್ತೋ ಅವರ ಪಾಲು. ಅದನ್ನ "ಬಿಟ್ಟು ಬರೋದು" ಅಂತ ಕರೀಬೇಡಿ.

2/4
ಆಪರೇಷನ್ ಅಂದ್ರೆ ಸ್ವಿಚ್ ಆಫ್ ಮಾಡಿದ ಹಾಗಲ್ಲ. ಮೈಯಲ್ಲಿರೋ ಹಾರ್ಮೋನ್ ಇಳಿದು ಸ್ವಭಾವ ತಣ್ಣಗಾಗೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. (ಅಷ್ಟು ದಿನ ಹೆಣ್ಣು ಮೊಲದ ಜೊತೆ ಬಿಡಲೂ ಬೇಡಿ, ಮರಿ ಆಗೋ ಸಾಧ್ಯತೆ ಇನ್ನೂ ಇರುತ್ತೆ.) 2 ವಾರಕ್ಕೇ ತೀರ್ಪು ಕೊಡೋದು, ಫಸ್ಟ್ ಇಂಟರ್ನಲ್ಸ್ ನೋಡಿ ಡಿಗ್ರಿನೇ ಫೇಲ್ ಅಂದ ಹಾಗೆ. ನಿಮಗೆ ಹೀಗೆ ಮಾಡಿದ್ರೆ ಸುಮ್ನಿರ್ತಿದ್ರಾ?

3/4
ಈಗ ಫೋಟೋದಲ್ಲಿರೋ ಡಬ್ಬ ನೋಡಿ. ಮೂಲೆಗೆ ಕೂರೋ ತ್ರಿಕೋನದ ಪ್ಲಾಸ್ಟಿಕ್ಕು. ಅಂಗಡಿಯವರು ಮೊಲದ ಟಾಯ್ಲೆಟ್ ಅಂತ ಮಾರ್ತಾರೆ. ಬೆಳೆದ ಮೊಲ ಅದರಲ್ಲಿ ತಿರುಗೋಕೂ ಆಗಲ್ಲ, ಹಿಂಭಾಗ ಹೊರಗೇ ಉಳಿಯುತ್ತೆ. ಒಳಗೆ ಕೂತಿದ್ದೀನಿ ಅಂತ ಅದು ನಂಬಿದೆ, ಉಚ್ಚೆ ಮಾತ್ರ ನೆಲಕ್ಕೆ. ಬೈಗುಳ ಯಾರಿಗೆ? ಮೊಲಕ್ಕೆ! ಮೈಚಾಚಿ ಮಲಗುವಷ್ಟು ದೊಡ್ಡ ಟ್ರೇ ಕೊಡಿ. ಬೆಕ್ಕಿನ ಟ್ರೇ ಆಗುತ್ತೆ, ಅಗಲದ ಪ್ಲಾಸ್ಟಿಕ್ ಟಬ್ಬೂ ಆಗುತ್ತೆ. ತಳಕ್ಕೆ ಪೇಪರ್ ಚೂರು ಅಥವಾ ಪೇಪರ್ ಪೆಲೆಟ್. ಒದ್ದೆಯಾದ್ರೆ ಗಟ್ಟಿಯಾಗೋ ಬೆಕ್ಕಿನ ಮಣ್ಣು ಬೇಡ, ಮೊಲ ಅದನ್ನ ತಿಂದ್ರೆ ಹೊಟ್ಟೆ ಕಟ್ಟಬಹುದು.

ಮುಖ್ಯವಾದದ್ದು ಹುಲ್ಲು. ಮೊಲ ತಿನ್ನುತ್ತಾ ತಿನ್ನುತ್ತಾನೇ ಹಿಕ್ಕೆ ಹಾಕುತ್ತೆ. ಒಣಹುಲ್ಲಿನ ಬುಟ್ಟಿ ಹಾಲಲ್ಲಿ, ಟ್ರೇ ಬಾಲ್ಕನಿಯಲ್ಲಿ ಇಟ್ರೆ ಅದು ಏನು ಮಾಡ್ಬೇಕು, ಬಾಯಿ ಇಲ್ಲಿ, ಬಾಲ ಅಲ್ಲಿ ಕಳಿಸ್ಬೇಕಾ? ಹುಲ್ಲನ್ನ ಟ್ರೇಯ ಒಂದು ತುದಿಯಲ್ಲೇ ತುಂಬಿ. ಅದು ತಾನಾಗಿ ಒಂದು ಮೂಲೆ ಆರಿಸಿಕೊಂಡಿದ್ರೆ ಟ್ರೇನ ಅಲ್ಲಿಗೇ ಒಯ್ಯಿರಿ. ವಾಸ್ತು ಆಮೇಲೆ.

ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಮೊಲದ ಲೆಕ್ಕದಲ್ಲಿ ನೆಲ ನಿಜವಾಗ್ಲೂ ಡೊಂಕೇ. ಅದರ ಪಾದದಡಿ ನಾಯಿಗಿರೋ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ನುಣುಪು ಟೈಲ್ಸ್ ಮೇಲೆ ಜಾರುತ್ತೆ, ಅದಕ್ಕೇ ಹಿಡಿತ ಸಿಗೋ ಸೋಫಾ, ಮ್ಯಾಟು, ಹಾಸಿಗೆ ಹುಡುಕುತ್ತೆ. ಟ್ರೇವರೆಗೆ ಒಂದು ಹಳೇ ಜಮಖಾನ ಹಾಸಿ. ಸೋಫಾ ಇರೋ ರೂಮು ಸದ್ಯಕ್ಕೆ ಬಂದ್. ಮೊದಲು ಸಣ್ಣ ಜಾಗ ಕೊಟ್ಟು, ಅಲ್ಲಿ ತಪ್ಪದೆ ಟ್ರೇ ಬಳಸಿದ ಮೇಲೆ ಸ್ವಲ್ಪ ಸ್ವಲ್ಪ ಹಿಗ್ಗಿಸಿ.

ಇನ್ನು ದಿನಾ ಫಿನಾಯಿಲ್ ಹಾಕಿ ಟ್ರೇನ ಫಳಫಳ ತೊಳೆಯೋರು! ಇದೇ ಜಾಗ ಅಂತ ಅದು ಗುರುತು ಹಿಡಿಯೋದೇ ವಾಸನೆಯಿಂದ, ನೀವು ಅದನ್ನೇ ಅಳಿಸಿದ್ರಿ. ಟ್ರೇ ಕ್ಲೀನ್ ಮಾಡುವಾಗ ನಾಲ್ಕು ಹಿಕ್ಕೆ, ಒಂದು ಒದ್ದೆ ಪೇಪರ್ ಚೂರು ಉಳಿಸಿ. ಹೊರಗೆ ಬಿದ್ದ ಉಚ್ಚೆಗೆ ಮಾತ್ರ ಅರ್ಧ ನೀರು, ಅರ್ಧ ಬಿಳಿ ವಿನೆಗರ್. ಮಾರ್ಬಲ್ ನೆಲಕ್ಕೆ ಬೇಡ, ಕಲೆ ಆಗುತ್ತೆ, ಅಮ್ಮ ನನ್ನನ್ನ ಹುಡುಕಿಕೊಂಡು ಬರ್ತಾರೆ.

4/4
ಕೊನೇ ಫೋಟೋದಲ್ಲಿ ಅಲ್ಲಲ್ಲಿ ಚೆಲ್ಲಿರೋ ಒಣ ಗುಂಡು ಹಿಕ್ಕೆ ಗಡಿ ಗುರುತು, ಗಲೀಜಲ್ಲ. ಗುಡಿಸಿ ಟ್ರೇಗೆ ಹಾಕಿ, ಸಾಕು. ಉಚ್ಚೆಗೆ ಮೂಗು ಉಜ್ಜೋದು, ಪೇಪರ್ ಸುರುಳಿಯಲ್ಲಿ ಹೊಡೆಯೋದು ದಯವಿಟ್ಟು ನಿಲ್ಸಿ. ಮೊಲ ಬೇಟೆಗೆ ಸಿಗೋ ಪ್ರಾಣಿ, ಹೊಡೆದವರನ್ನ ಕಂಡ್ರೆ ಅವಿತುಕೊಳ್ಳೋದಷ್ಟೇ ಕಲಿಯುತ್ತೆ.

ನೆಟ್ಟಗೆ ಟ್ರೇ ಬಳಸ್ತಿದ್ದ ಮೊಲ ಇದ್ದಕ್ಕಿದ್ದಂತೆ ಬಿಟ್ರೆ, ಮುಕ್ಕಿರಿದು ಹನಿ ಹನಿ ಹೊಯ್ದರೆ, ಉಚ್ಚೆ ಗಟ್ಟಿ ಪೇಸ್ಟಿನ ಹಾಗೆ ಬಂದ್ರೆ ಅದು ತರಬೇತಿಯ ಮಾತಲ್ಲ, ಮೂತ್ರಕೋಶದ ತೊಂದರೆ ಇರಬಹುದು. ಅವತ್ತೇ ಡಾಕ್ಟರ್ ಹತ್ರ ಹೋಗಿ. ನಾಯಿ ಬೆಕ್ಕು ಮಾತ್ರ ನೋಡೋ ಕ್ಲಿನಿಕ್ಕುಗಳೇ ಜಾಸ್ತಿ, ಮೊಲ ನೋಡ್ತೀರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

#ಮೊಲ #ಸಾಕುಪ್ರಾಣಿ #ಪಾರ್ಕಲ್ಲಿಬಿಡಬೇಡಿ