ಹಳೆಯ ಲೇತ್ ಕೊಳ್ಳುವ ಮುನ್ನ

ಕಾಫಿ ಹಣ್ಣು ಕೊಯ್ದು ತಂದ ಸಂಜೆಯೇ ಪಲ್ಪರಿನ ಶಾಫ್ಟು ಸವೆದು ಯಂತ್ರ ನಿಂತರೆ ಆಗುವ ಸಂಕಟ ಬೆಳೆಗಾರರಾದ ನಮಗೆ ಹೊಸದಲ್ಲ. ರಾಶಿ ಹಾಕಿದ ಹಣ್ಣು ಬಿಸಿಯೇರಿ ಹುಳಿಯತೊಡಗುತ್ತದೆ. ಪೇಟೆಯ ಲೇತ್ ಅಂಗಡಿಯಲ್ಲಿ ನಮಗಿಂತ ಮೊದಲು ಬಂದವರ ಕೆಲಸ ಸಾಲುಗಟ್ಟಿರುತ್ತದೆ. ಅಡಿಕೆ ಸುಲಿಯುವ ಯಂತ್ರದ ಬುಷ್ಷಿಗೂ ನೀರೆತ್ತುವ ಪಂಪಿನ ಶಾಫ್ಟಿಗೂ ಇದೇ ಪಾಡು. ಆದ್ದರಿಂದ ಸದಸ್ಯರಲ್ಲಿ ಕೆಲವರು "ಹಳೆಯದೊಂದು ಲೇತನ್ನೇ ಕೊಂಡು ಕೆಲಸ ಕಲಿತರೆ ಹೇಗೆ?" ಎಂದು ಕೇಳುತ್ತಿರುವುದು ಸಹಜವೇ ಆಗಿದೆ.

ಕೊಳ್ಳಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಬಣ್ಣ ನೋಡಿ ಕೊಳ್ಳಬಾರದು, ಬೆಡ್ ನೋಡಿ ಕೊಳ್ಳಬೇಕು. ಒಬ್ಬರೇ ಕೊಳ್ಳುವುದಕ್ಕಿಂತ ಮೂರು ನಾಲ್ಕು ಮನೆಯವರು ಕೂಡಿ ಕೊಳ್ಳುವುದು ಲೇಸು.

ನಮ್ಮ ರಾಜ್ಯದಲ್ಲಿ ಹಳೆಯ ಲೇತುಗಳಿಗೆ ಕೊರತೆಯಿಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿಯೂ, ಬೆಂಗಳೂರಿನಲ್ಲಿ ಎಚ್.ಎಂ.ಟಿ. 1953ರಲ್ಲಿಯೂ ಸ್ಥಾಪನೆಯಾದವು. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದ್ದರೂ ಅಲ್ಲಿ ತಯಾರಾದ ಲೇತುಗಳು ಇನ್ನೂ ದುಡಿಯುತ್ತಿವೆ. ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಬಂದ ಮೇಲೆ ಹಲವು ಕಾರ್ಖಾನೆಗಳು ತಮ್ಮ ಹಳೆಯ ಲೇತುಗಳನ್ನು ಮಾರಿವೆ. ಅವುಗಳ ಎರಕದ ಕಬ್ಬಿಣ ಗಟ್ಟಿಯಾದದ್ದು. ಆದರೆ ಗಟ್ಟಿ ಯಂತ್ರವೂ ಹಗಲಿರುಳು ದುಡಿದರೆ ಸವೆಯುತ್ತದೆ ಎಂಬುದನ್ನು ಮರೆಯಬಾರದು.

ಈ ಪಾಠವನ್ನು ನಾವು ಕೈಸುಟ್ಟುಕೊಂಡೇ ಕಲಿತೆವು. ಹಸಿರು ಬಣ್ಣ ಬಳಿದು ಮಿರಮಿರ ಮಿಂಚುತ್ತಿದ್ದ ಆರಡಿ ಲೇತೊಂದನ್ನು ಗುಜರಿ ವ್ಯಾಪಾರಿಯೊಬ್ಬರಿಂದ ತಂದೆವು. ಮೊದಲ ಶಾಫ್ಟು ಕಡೆದಾಗ ಅದರ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ! ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಆ ದಿನ ನಮಗೆ ಚೆನ್ನಾಗಿ ಅರ್ಥವಾಯಿತು. ವ್ಯಾಪಾರಿಯನ್ನು ದೂರಿ ಫಲವಿರಲಿಲ್ಲ. ನೋಡದೆ ಕೊಂಡದ್ದು ನಮ್ಮದೇ ತಪ್ಪು.

ಬೆಡ್ ಹೆಚ್ಚು ಸವೆಯುವುದು ಚಕ್ಕಿನ ಹತ್ತಿರ, ಏಕೆಂದರೆ ಬಹುಪಾಲು ಕೆಲಸ ನಡೆಯುವುದು ಅಲ್ಲಿಯೇ. ಇದನ್ನು ಪತ್ತೆಹಚ್ಚುವುದು ಸುಲಭ. ಕ್ಯಾರೇಜನ್ನು ಚಕ್ಕಿನ ಬಳಿಗೆ ತಂದು, ಅದರ ಲಾಕ್ ಬೋಲ್ಟನ್ನು ಕೈಚಕ್ರ ತುಸು ಬಿಗಿಯಾಗುವಷ್ಟು ಮಾತ್ರ ತಿರುಗಿಸಿರಿ. ಬಳಿಕ ಟೇಲ್‌ಸ್ಟಾಕಿನ ಕಡೆಗೆ ಓಡಿಸಿರಿ. ಹೋಗುತ್ತ ಹೋಗುತ್ತ ಕಚ್ಚಿಕೊಂಡು ನಿಂತರೆ ಬೆಡ್ ಚಕ್ಕಿನ ಕಡೆ ಸವೆದಿದೆ ಎಂದು ತಿಳಿಯಬೇಕು. ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸುವ ಖರ್ಚು ಲೇತಿನ ಬೆಲೆಯನ್ನೇ ಮೀರಬಹುದು. ಅಂಥದನ್ನು ಬಿಟ್ಟು ಬರುವುದೇ ಲಾಭ.

ಎರಡನೆಯದಾಗಿ, ಯಂತ್ರವನ್ನು ಓಡಿಸಿ ನೋಡದೆ ಮುಂಗಡ ಕೊಡಬೇಡಿ. ಕಾಲು ಗಂಟೆ ಓಡಿದ ಮೇಲೆ ಹೆಡ್‌ಸ್ಟಾಕಿನ ಬೇರಿಂಗ್ ಇರುವ ಕಡೆ ಕೈಯಿಟ್ಟು ನೋಡಿರಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾಗದಷ್ಟು ಸುಟ್ಟರೆ ದೋಷವಿದೆ. ಯಂತ್ರ ನಿಲ್ಲಿಸಿ, ಚಕ್ಕಿಗೆ ದಪ್ಪ ಸರಳೊಂದನ್ನು ಕಚ್ಚಿಸಿ ಮೇಲೆ ಕೆಳಗೆ ಅಲುಗಿಸಿರಿ. ಡಯಲ್ ಗೇಜು ಇದ್ದರೆ ಅಲುಗಾಟ ಎಷ್ಟೆಂಬುದು ಅಂಕಿಯಲ್ಲೇ ಕಾಣುತ್ತದೆ. ಪ್ರತಿಯೊಂದು ಗೇರನ್ನೂ ಹಾಕಿ ನೋಡಿ, ಮುರಿದ ಹಲ್ಲುಗಳಿವೆಯೇ ಎಂದು ಪರೀಕ್ಷಿಸಬೇಕು.

ಕೊನೆಗೆ ಒಂದಿಂಚು ದಪ್ಪದ ಸರಳನ್ನು ಟೇಲ್‌ಸ್ಟಾಕಿನ ಆಸರೆಯಿಲ್ಲದೆ ನಾಲ್ಕಿಂಚು ಹೊರಗಿರುವಂತೆ ಹಿಡಿಸಿ, ತೆಳುವಾಗಿ ಕಡೆಸಿ ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ವ್ಯತ್ಯಾಸ 0.03 ಮಿ.ಮೀ.ಯೊಳಗಿದ್ದರೆ ನಮ್ಮ ತೋಟದ ಕೆಲಸಗಳಿಗೆ ಧಾರಾಳವಾಯಿತು. ಹೆಚ್ಚಿದ್ದರೆ ಯಂತ್ರವನ್ನು ಸಮಮಟ್ಟದಲ್ಲಿ ಕೂರಿಸಿದೆಯೇ ಎಂದು ಮೊದಲು ನೋಡಿ, ಆಮೇಲೆ ತೀರ್ಮಾನಿಸಿರಿ. ಅಡ್ಡ ಸ್ಲೈಡಿನ ಹಿಡಿಯಲ್ಲಿ ಕಾಲು ಸುತ್ತು ಸಡಿಲವಿದ್ದರೆ ಹೆದರಬೇಕಾಗಿಲ್ಲ, ಹೊಸ ನಟ್ಟು ಹಾಕಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬೆಲೆ ಮಾತಾಡುವಾಗ ಬರಿಯ ಯಂತ್ರಕ್ಕಲ್ಲ, ಜೊತೆಯ ಸಾಮಾನಿಗೂ ಸೇರಿಸಿ ಮಾತಾಡಬೇಕು. ಮೂರು ದವಡೆಯ ಚಕ್, ನಾಲ್ಕು ದವಡೆಯ ಚಕ್, ಸ್ಟೆಡಿ, ಬದಲಿ ಗೇರುಗಳು ಇವೆಲ್ಲ ಪ್ರತ್ಯೇಕವಾಗಿ ಕೊಳ್ಳಹೊರಟರೆ ಜೇಬು ಬರಿದಾಗುತ್ತದೆ. ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದಾಗಿದ್ದರೆ 127 ಹಲ್ಲಿನ ಗೇರು ಇದೆಯೇ ಎಂದು ಕೇಳಿರಿ. ಅದಿದ್ದರೆ ಹಳೆಯ ಯಂತ್ರಗಳ ಇಂಚಿನ ಮರೆಯಲ್ಲದೆ ಹೊಸ ಯಂತ್ರಗಳ ಮಿಲಿಮೀಟರ್ ಮರೆಯನ್ನೂ ಸರಿಯಾಗಿ ಕತ್ತರಿಸಬಹುದು.

ವಿದ್ಯುತ್ತಿನ ಮಾತನ್ನೂ ಮೊದಲೇ ಯೋಚಿಸಬೇಕು. ದೊಡ್ಡ ಲೇತುಗಳ ಮೋಟಾರು ಸಾಮಾನ್ಯವಾಗಿ ಮೂರು ಫೇಸಿನದು. ನೀರಾವರಿ ಪಂಪಿಗೆಂದು ಪಡೆದ ಸಂಪರ್ಕಕ್ಕೆ ಲೇತ್ ಜೋಡಿಸುವುದು ನಿಯಮಕ್ಕೆ ವಿರುದ್ಧ. ಮನೆಯಲ್ಲಿ ಒಂದೇ ಫೇಸು ಇರುವವರು ಒಂದು ಅಶ್ವಶಕ್ತಿಯ ಮೋಟಾರಿನಿಂದ ನಡೆಯುವ ಸಣ್ಣ ಲೇತನ್ನೇ ಹುಡುಕುವುದು ಒಳ್ಳೆಯದು. ಹೊಸಬರಿಗೆ ಸವೆದ ಆರಡಿ ಲೇತಿಗಿಂತ ಸರಿಯಾಗಿರುವ ಸಣ್ಣ ಲೇತೇ ಮೇಲು.

ತಂದ ಮೇಲೆ ಮಲೆನಾಡಿನ ಮಳೆಗಾಲವಂತೂ ಇದ್ದೇ ಇದೆ. ಬೆಡ್ಡಿಗೆ ಎಣ್ಣೆ ಸವರದೆ ಗೋಣಿಚೀಲ ಹೊದಿಸಿಟ್ಟರೆ ಗೋಣಿ ತೇವ ಹೀರಿ, ಆಷಾಢ ಕಳೆಯುವುದರೊಳಗೆ ಬೆಡ್ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು: ಪಂಚೆಯುಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಲೇತಿನ ಮುಂದೆ ಯಾರೂ ನಿಲ್ಲಕೂಡದು. ತಿರುಗುವ ಚಕ್ಕಿಗೆ ಬಟ್ಟೆ ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಚಕ್ಕಿನ ಕೀಲಿಯನ್ನು ಅದರಲ್ಲೇ ಬಿಟ್ಟು ಸ್ವಿಚ್ ಹಾಕುವುದೂ ಅಷ್ಟೇ ಅಪಾಯ. ಕೈಗವಸು ಬೇಡವೇ ಬೇಡ.

ಕಲಿಯಲು ಆಸಕ್ತಿಯುಳ್ಳ ಒಬ್ಬರಾದರೂ ಇಲ್ಲದ ಮನೆಗೆ ಲೇತ್ ಬರಿಯ ಹೊರೆ. ಅಂಥವರು ಆ ಹಣದಲ್ಲಿ ಪಲ್ಪರಿಗೆ ಒಂದು ಹೆಚ್ಚುವರಿ ಶಾಫ್ಟನ್ನೂ ಬೇರಿಂಗುಗಳನ್ನೂ ಮಾಡಿಸಿಟ್ಟುಕೊಂಡರೆ ಸಾಕು. ಕೊಳ್ಳಲೇಬೇಕೆಂಬವರು ಅನುಭವಸ್ಥ ಟರ್ನರ್ ಒಬ್ಬರಿಗೆ ಒಂದು ದಿನದ ಸಂಬಳವನ್ನೂ ಬಸ್ ಖರ್ಚನ್ನೂ ಕೊಟ್ಟು ಜೊತೆಗೆ ಕರೆದೊಯ್ಯಲಿ. ನಾವು ಅಂದು ಉಳಿಸಹೊರಟದ್ದು ಅದೇ ಸಣ್ಣ ಹಣವನ್ನು. ಕಳೆದುಕೊಂಡದ್ದು ಮಾತ್ರ ಒಂದು ಫಸಲಿನ ಉಳಿತಾಯವನ್ನು.