ತೆರೆಯ ಮೇಲಿನ ಚಿತ್ರ ಊರಿಗೆ ಮರಳಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಯುವಜನರಲ್ಲಿ ಡಿಜಿಟಲ್ ವಿನ್ಯಾಸವನ್ನು ಅಭ್ಯಾಸ ಮಾಡುವವರು ಈಗ ಅಪರೂಪವಲ್ಲ. ಅನಿಮೇಷನ್, ಗ್ರಾಫಿಕ್ಸ್, ಅಕ್ಷರ ವಿನ್ಯಾಸ, ಭೂಪಟ ರಚನೆ ಮೊದಲಾದವನ್ನು ಕಲಿಯಲು ಅವರು ಉಡುಪಿ, ಮಣಿಪಾಲ, ಮಂಗಳೂರು, ಬೆಂಗಳೂರುಗಳಿಗೆ ತೆರಳುತ್ತಾರೆ. ವ್ಯಾಸಂಗದ ಕೊನೆಯಲ್ಲಿ ಅವರು ಸಲ್ಲಿಸಬೇಕಾದ ಸೃಜನಶೀಲ ಯೋಜನೆಗಳಿಗೆ ವಸ್ತುವಾಗಿ ಒದಗುವುದು ಬಹುಮಟ್ಟಿಗೆ ಅವರು ಬಿಟ್ಟುಬಂದ ಊರೇ. ಯಕ್ಷಗಾನದ ಮುಂಡಾಸು, ಕಂಬಳಗದ್ದೆ, ಮರವಂತೆಯ ಕಡಲು, ಕೊಡಚಾದ್ರಿಯ ಮಂಜು ಇವೆಲ್ಲವೂ ಗಣಕದ ತೆರೆಯ ಮೇಲೆ ಸೊಗಸಾಗಿ ಮೂಡುತ್ತವೆ. ಊರನ್ನು ಮರೆಯದ ಈ ಮನಸ್ಸು ಅಭಿನಂದನೀಯ. ಆದರೆ ಆ ಕೃತಿಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕಾಲೇಜಿನ ಪ್ರದರ್ಶನ ಮುಗಿದ ಮೇಲೆ ಅವು ಉದ್ಯೋಗದ ಸಂದರ್ಶನಕ್ಕೆ ಒಯ್ಯುವ ಕಡತದಲ್ಲಿ ಸೇರಿಹೋಗುತ್ತವೆ. ಚಿತ್ರದಲ್ಲಿರುವ ಗದ್ದೆಯ ಒಡೆಯನಾಗಲಿ, ದೋಣಿಯ ಮೀನುಗಾರನಾಗಲಿ ಅದನ್ನು ನೋಡುವ ಸಂದರ್ಭವೇ ಒದಗುವುದಿಲ್ಲ.

ಈ ನೆಲದಲ್ಲಿ ಚಿತ್ರಕ್ಕೂ ಜನಜೀವನಕ್ಕೂ ಇದ್ದ ಸಂಬಂಧ ಹೀಗಿರಲಿಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಸೂತ್ರದ ಗೊಂಬೆಯಾಟವು ಕೊಗ್ಗ ಕಾಮತರ ಕಾಲದಲ್ಲಿ ದೇಶದ ಗಡಿಯನ್ನು ದಾಟಿ ಕೀರ್ತಿ ಪಡೆದರೂ ಅದರ ಮೊದಲ ಪ್ರೇಕ್ಷಕರು ಊರಿನವರೇ ಆಗಿದ್ದರು. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದಾಗ ಜಗತ್ತಿನ ಜ್ಞಾನವನ್ನು ಕನ್ನಡದ ಮಗುವಿನ ಕೈಗೆ ಚಿತ್ರಸಹಿತವಾಗಿ ನೀಡುವುದು ಅವರ ಉದ್ದೇಶವಾಗಿತ್ತು. ಅದೇ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದರು. ಅವರ ಪಾಲಿಗೆ ಕಲೆ, ಜ್ಞಾನ ಮತ್ತು ನೆಲದ ಹೊಣೆ ಬೇರೆ ಬೇರೆಯಾಗಿರಲಿಲ್ಲ.

ಗಣಕಯುಗದಲ್ಲಿಯೂ ಈ ಪರಂಪರೆ ಕಡಿದುಹೋಗಿಲ್ಲ. ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಮುಂದೆ ರಾಜ್ಯ ಸರ್ಕಾರವೇ ಅಧಿಕೃತವಾಗಿ ಅಂಗೀಕರಿಸಿತು. ಇಂದು ಕನ್ನಡದಲ್ಲಿ ಬೆರಳಚ್ಚಿಸುವ ಅಸಂಖ್ಯ ಜನರು ಅದರ ಫಲವನ್ನು ಉಣ್ಣುತ್ತಿದ್ದಾರೆ. ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರು ಕುಂಚದ ಕೆಲಸದ ಜೊತೆಯಲ್ಲಿಯೇ ಕುಂದಾಪ್ರ ಕನ್ನಡದ ನಿಘಂಟನ್ನು ಸಂಪಾದಿಸಿಕೊಟ್ಟರು. ಕಲಾಶಾಲೆಯ ತರಬೇತಿಯಿಲ್ಲದೆಯೇ ಬೆಳೆದ ಸತೀಶ್ ಆಚಾರ್ಯರು ಕುಂದಾಪುರದಲ್ಲಿ ನೆಲೆಸಿಯೇ ಜಗತ್ತು ಗಮನಿಸುವ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆಯುತ್ತಿದ್ದಾರೆ. ಊರಿನಲ್ಲಿದ್ದರೆ ಬೆಳೆಯಲಾಗದು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ವಿನ್ಯಾಸ ಶಾಲೆಗಳಲ್ಲಿ ನಡೆದ ಕೆಲಸಗಳಲ್ಲಿಯೂ ಗಮನಿಸಬೇಕಾದವು ಹಲವಿವೆ. ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ, ಈಗ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಅಂಗವಾಗಿರುವ ಸೃಷ್ಟಿ ಕಲಾ ಮತ್ತು ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು 2009ರಲ್ಲಿ ಅಮೆರಿಕದ ಐಜೆಮ್ ಸ್ಪರ್ಧೆಗಾಗಿ ಮೊದಲ ಮಳೆಗೆ ನೆಲದಿಂದೇಳುವ ಮಣ್ಣಿನ ವಾಸನೆಯನ್ನು ಬ್ಯಾಕ್ಟೀರಿಯಾದ ಮೂಲಕ ಮರುಸೃಷ್ಟಿಸುವ ಪ್ರಯೋಗದಲ್ಲಿ ತೊಡಗಿದರು. ಅದೇ ಸಂಸ್ಥೆಯವರು 2014ರಿಂದ ಪೀಣ್ಯದ ಮೆಟ್ರೋ ನಿಲ್ದಾಣದ ಗೋಡೆಗಳನ್ನೇ ಜನರ ಕಥೆ ಹೇಳುವ ಚಿತ್ರಶಾಲೆಯನ್ನಾಗಿಸಿದರು. ಅಲ್ಲಿ ಅಧ್ಯಾಪಕರಾದ ಕಪ್ಪೆ ತಜ್ಞ ಕೆ.ವಿ. ಗುರುರಾಜ ಅವರು 2012ರಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಸಚಿತ್ರ ಕೈಪಿಡಿಯನ್ನು ಹೊರತಂದರು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗಳಿಗೆ ಕೆಸರು ಮೆತ್ತುವ ‘ಕುಂಬಾರ’ ಕಪ್ಪೆಯನ್ನು 2014ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ತಂಡದಲ್ಲಿ ಅವರಿದ್ದರು. 2016ರಲ್ಲಿ ಮಣಿಪಾಲದ ಸುತ್ತಲಿನ ಮುರಕಲ್ಲಿನ ಪಾರೆಗಳಲ್ಲಿ ಪತ್ತೆಯಾದ, ಹೆಬ್ಬೆರಳ ಉಗುರಿನಷ್ಟಿರುವ ‘ಮೈಕ್ರೋಹೈಲಾ ಲ್ಯಾಟರೈಟ್’ ಎಂಬ ಕಪ್ಪೆಯ ಅಧ್ಯಯನದಲ್ಲಿಯೂ ಅವರ ಪಾಲಿದೆ.

ಈ ಕೊನೆಯ ಸಂಗತಿಯು ಮೂರೂ ತಾಲೂಕುಗಳಿಗೆ ನೇರವಾಗಿ ಸಂಬಂಧಿಸಿದುದು. ಮುರಕಲ್ಲಿನ ಪಾರೆಯು ಸರ್ಕಾರಿ ದಾಖಲೆಗಳಲ್ಲಿ ಸಾಮಾನ್ಯವಾಗಿ ಪಾಳುಭೂಮಿ. ಅಲ್ಲಿ ಕಲ್ಲು ಕೋರೆಯಾದರೂ, ಬಡಾವಣೆಯಾದರೂ, ಕಸದ ರಾಶಿಯಾದರೂ ಆಕ್ಷೇಪಿಸುವವರಿಲ್ಲ. ಮಳೆಗಾಲದಲ್ಲಿ ಅದೇ ಪಾರೆಯಲ್ಲಿ ನೀರು ನಿಂತು, ಹುಲ್ಲು ಚಿಗುರಿ, ಪುಟ್ಟ ಹೂಗಳು ಅರಳಿ, ಕೆಳಗಿನ ಬಾವಿಗಳಿಗೆ ಜಲ ಇಂಗುವುದನ್ನು ದಾಖಲೆ ಹೇಳುವುದಿಲ್ಲ. ‘ಪಾಳು’ ಎಂಬ ಒಂದು ಶಬ್ದವನ್ನು ಅಲುಗಿಸಲು ವೈಜ್ಞಾನಿಕ ಪ್ರಬಂಧವೊಂದೇ ಸಾಲದು. ಜನವರಿಯ ಕರಿಕಲ್ಲೂ ಜುಲೈಯ ಹಸಿರೂ ಒಂದೇ ಜಾಗವೆಂದು ತೋರಿಸುವ ಚಿತ್ರಗಳು ಪಂಚಾಯತಿಯ ಗೋಡೆಗೆ ಬರಬೇಕು. ಅದು ವಿನ್ಯಾಸಗಾರನ ಕೆಲಸ.

ಚಿತ್ರ ಊರಿಗೆ ತಲುಪದಿದ್ದರೆ ಆಗುವ ನಷ್ಟವೆಷ್ಟು ಎಂಬುದಕ್ಕೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿವಾದವೇ ಸಾಕ್ಷಿ. ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಸಲ್ಲಿಕೆಯಾದವು. 2014ರಿಂದ 2024ರ ಜುಲೈವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಅಧಿಸೂಚನೆಯನ್ನು ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರ ವ್ಯಾಪ್ತಿಗೆ ಬರುತ್ತಿತ್ತು. ಗಣಿಗಾರಿಕೆ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಅತಿ ಮಾಲಿನ್ಯಕಾರಕ ಉದ್ಯಮ, ಭಾರೀ ಕಟ್ಟಡ ನಿರ್ಮಾಣ ಇವುಗಳಿಗೆ ಅಲ್ಲಿ ನಿಷೇಧವಿತ್ತು, ಕೃಷಿಗೆ ನಿಷೇಧವಿರಲಿಲ್ಲ. ಆದರೆ ಘಟ್ಟದ ಬುಡದ ಹಳ್ಳಿಗಳಲ್ಲಿ ಹರಡಿದ ಸುದ್ದಿಯೇ ಬೇರೆ: ಅಡಿಕೆ ತೋಟ ಹೋಗುತ್ತದೆ, ಮನೆಗೆ ಹೆಂಚು ಹಾಕುವಂತಿಲ್ಲ, ಊರನ್ನೇ ಖಾಲಿ ಮಾಡಿಸುತ್ತಾರೆ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಮೂಕಾಂಬಿಕಾ ಅಭಯಾರಣ್ಯದ ವಿಸ್ತರಣೆಯನ್ನೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅನುಭವವನ್ನೂ ಕಂಡ ಜನರು ಸರ್ಕಾರದ ಗೆರೆಗಳನ್ನು ನಂಬದಿರಲು ಕಾರಣಗಳಿದ್ದವು. ಆದರೆ ಆ ಗೆರೆ ಎಲ್ಲಿ ಹಾದುಹೋಗುತ್ತದೆ, ಅದರೊಳಗೆ ಏನು ಮಾಡಬಹುದು, ಏನು ಕೂಡದು ಎಂಬುದನ್ನು ಒಂದು ಹಳ್ಳಿಯ ಅಳತೆಯಲ್ಲಿ, ಹಾಡಿ, ಹಕ್ಕಲು, ಬೈಲುಗಳ ಹೆಸರಿನಲ್ಲಿ, ಕನ್ನಡದಲ್ಲಿ ತೋರಿಸುವ ಭೂಪಟ ಗ್ರಾಮಸಭೆಯ ಮುಂದೆ ಬರಲಿಲ್ಲ. ಬಂದದ್ದು ಹಳ್ಳಿಗಳ ಹೆಸರಿನ ಪಟ್ಟಿ. ಪಟ್ಟಿಯನ್ನು ಕಂಡವರಿಗೆ ಹೆದರಿಕೆಯಷ್ಟೇ ಸಾಧ್ಯ, ವಿಮರ್ಶೆ ಸಾಧ್ಯವಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಆ ತೀರ್ಮಾನವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ದಶಕದಷ್ಟು ಕಾಲ ನಡೆದ ಚರ್ಚೆಯಲ್ಲಿ ಜನರ ಕೈಗೆ ಓದಬಲ್ಲ ನಕ್ಷೆ ಸಿಗಲಿಲ್ಲವೆಂಬುದು ಎರಡೂ ಪಕ್ಷಗಳವರ ಸೋಲು.

ವಾರಾಹಿಯ ಕಥೆಯೂ ಇಂಥದೇ. 1979ರಲ್ಲಿ ಶಂಕುಸ್ಥಾಪನೆಯಾದ ವಾರಾಹಿ ನೀರಾವರಿ ಯೋಜನೆಯ ಕಾಲುವೆಗೆ ನೀರು ಬಂದದ್ದು 2015ರಲ್ಲಿ. ಯಾವ ಗದ್ದೆಗೆ ನೀರು ಏರುತ್ತದೆ, ಯಾವ ತೋಟಕ್ಕೆ ಜೌಗು ಬರುತ್ತದೆ, ಯಾವ ಹಾಡಿ ಸೀಳಿಹೋಗುತ್ತದೆ ಎಂಬುದನ್ನು ಚಲಿಸುವ ಚಿತ್ರವೊಂದರ ಮೂಲಕ ಮೊದಲೇ ತೋರಿಸಿದ್ದರೆ ರೈತರು ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಪ್ರಶ್ನೆ ಕೇಳಬಹುದಿತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲಿಗೆ ಮುನ್ನ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕು. 2020ರ ಹೊಸ ಕರಡನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು. ಭಾಷೆ ಬಂದರೂ ಅರ್ಥ ಬರಬೇಕಾದರೆ ಚಿತ್ರ ಬೇಕು, ಕೋಷ್ಟಕ ಬೇಕು, ಅಳತೆ ತಿಳಿಸುವ ಹೋಲಿಕೆ ಬೇಕು. ಇವೆಲ್ಲವೂ ವಿನ್ಯಾಸ ಶಾಲೆಯ ಪಾಠಗಳೇ.

ಕೈಗೆಟುಕುವ ಮತ್ತೊಂದು ಕೆಲಸವಿದೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದಾಗ ದೇಶದೆಲ್ಲೆಡೆ ದಾಖಲಾತಿಗಳು ಅವಸರದಲ್ಲಿ ತಯಾರಾದವು. ಅವಸರದ ದಾಖಲಾತಿ ಎಂದರೆ ಸಸ್ಯನಾಮಗಳ ಉದ್ದನೆಯ ಪಟ್ಟಿ, ಬೀರುವಿನೊಳಗಿನ ಕಡತ. ಪಂಚಗಂಗಾವಳಿಯ ಕಾಂಡ್ಲಾ ಕಾಡು, ಕೋಡಿಯ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಕಡಲಾಮೆ, ಸೀತಾ ನದಿಯ ಮೀನು, ಕೊಲ್ಲೂರಿನ ಕಾಡಿನ ಔಷಧೀಯ ಗಿಡ ಇವುಗಳನ್ನು ಊರ ಹಿರಿಯರ ಬಾಯಿಯ ಹೆಸರುಗಳೊಡನೆ, ಕುಂದಾಪ್ರ ಕನ್ನಡದಲ್ಲಿ, ಕೊರಗರ ಮತ್ತು ಮೊಗವೀರರ ತಿಳಿವಳಿಕೆಯನ್ನು ಗೌರವದಿಂದ ದಾಖಲಿಸಿ ಚಿತ್ರಿಸಿದರೆ ಅದು ಶಾಲೆಯ ಮಕ್ಕಳು ಓದುವ ಪುಸ್ತಕವಾಗುತ್ತದೆ. ಮುಂದೊಂದು ದಿನ ಅಹವಾಲಿನ ಸಭೆಯಲ್ಲಿ ಮೇಜಿನ ಮೇಲಿಡಬಹುದಾದ ಸಾಕ್ಷ್ಯವೂ ಆಗುತ್ತದೆ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ದುಬಾರಿ ಶುಲ್ಕ ತೆತ್ತು ಓದಿದವರು ಊರ ಸೇವೆಯನ್ನೇ ಮಾಡುತ್ತ ಕುಳಿತರೆ ಸಾಲ ತೀರಿಸುವುದು ಹೇಗೆ ಎಂದು ಹೆತ್ತವರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದುದು. ಸೇವೆಯ ಹೆಸರಿನಲ್ಲಿ ಯುವಜನರನ್ನು ಪುಕ್ಕಟೆ ದುಡಿಸಿಕೊಳ್ಳುವ ರೂಢಿ ಸಂಘಸಂಸ್ಥೆಗಳಲ್ಲಿಯೂ ಇದೆ, ಅದು ನಿಲ್ಲಬೇಕು. ಆದರೆ ಹೇಗೂ ಮಾಡಲೇಬೇಕಾದ ಅಂತಿಮ ವರ್ಷದ ಯೋಜನೆಯನ್ನು ಊರಿನ ಅಗತ್ಯಕ್ಕೆ ಹೊಂದಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಅಂಥ ಕೆಲಸಕ್ಕೆ ಮನ್ನಣೆಯೂ ದೊರೆಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹಳೆಯ ವಿದ್ಯಾರ್ಥಿ ಸುರೇಶ್ ಎರಿಯಾಟ್ ಅವರು ದಖ್ಖನಿನ ಕುರಿಗಾಹಿಗಳ ನಾಟಿ ಉಣ್ಣೆಯ ಕಥೆಯನ್ನು ಆ ಉಣ್ಣೆಯಿಂದಲೇ ರೂಪಿಸಿದ ‘ದೇಸಿ ಊನ್’ ಎಂಬ ಅನಿಮೇಷನ್ ಚಿತ್ರಕ್ಕೆ 2025ರಲ್ಲಿ ಫ್ರಾನ್ಸಿನ ಆನ್ಸಿ ಉತ್ಸವದ ತೀರ್ಪುಗಾರರ ಪ್ರಶಸ್ತಿ ಬಂದಿತು.

ಎರಡನೆಯ ಆಕ್ಷೇಪ ಪರಿಸರಾಸಕ್ತರದೇ. ಸುಂದರ ಚಿತ್ರಗಳಿಂದ ಕಾಡಿಗೆ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು ಅವರು ಹೇಳುತ್ತಾರೆ. ಮೊಬೈಲಿನಲ್ಲಿ ಹರಿದಾಡುವ ಜಲಪಾತದ ದೃಶ್ಯವೊಂದು ಮುಂದಿನ ಭಾನುವಾರ ನೂರಾರು ವಾಹನಗಳನ್ನು ಕಾಡಿನ ದಾರಿಗೆ ತರುತ್ತದೆ; ಸೋಮವಾರ ಉಳಿಯುವುದು ಬಾಟಲಿ ಮತ್ತು ಪ್ಲಾಸ್ಟಿಕ್. ಈ ಎಚ್ಚರಿಕೆಯನ್ನು ವಿನ್ಯಾಸಗಾರರು ಗಂಭೀರವಾಗಿ ಸ್ವೀಕರಿಸಬೇಕು. ಏನನ್ನು ತೋರಿಸಬೇಕು ಎಂಬುದರಷ್ಟೇ ಏನನ್ನು ತೋರಿಸಬಾರದು ಎಂಬುದೂ ವಿನ್ಯಾಸದ ಪ್ರಶ್ನೆ. ಅಪರೂಪದ ಸೀತಾಳೆ ಹೂವಿನ ಮರ, ಆಮೆ ಮೊಟ್ಟೆಯಿಟ್ಟ ಜಾಗ, ದೈವದ ಬನದೊಳಗಿನ ಕಲ್ಲು ಇವುಗಳ ನಿಖರ ನೆಲೆಯನ್ನು ಗುಟ್ಟಾಗಿಡುವುದೇ ಧರ್ಮ. ಯಾವುದು ಗುಟ್ಟು ಎಂಬುದನ್ನು ತೀರ್ಮಾನಿಸುವವರು ಆ ಊರಿನವರಾಗಿರಬೇಕು.

ಮೂರನೆಯ ಮಾತು ಗಣಕದ ಬಗೆಗಿನದು. ಆಜ್ಞೆಯಿತ್ತರೆ ಕ್ಷಣದಲ್ಲಿ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದ ಮೇಲೆ ಊರಿಗೆ ಹೋಗಿ ನೋಡಿ ಬರೆಯುವ ಶ್ರಮವೇಕೆ ಎಂಬ ಮನೋಭಾವ ಬೆಳೆಯುತ್ತಿದೆ. ಆ ಯಂತ್ರ ಬಿಡಿಸುವ ಯಕ್ಷಗಾನದ ವೇಷ ಬಡಗುತಿಟ್ಟಿನದೂ ಅಲ್ಲ, ತೆಂಕುತಿಟ್ಟಿನದೂ ಅಲ್ಲ ಎಂಬಂತಿರುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಆಕಾಶದಿಂದ ಇಳಿಯುವುದಿಲ್ಲ. ಮಾಣಿಯ ಅಣೆಕಟ್ಟಿನ ಹಿಂದೆ ಮುಳುಗಿದ ಕಾಡು, ಹೊಸಂಗಡಿಯ ನೆಲದಡಿಯ 460 ಮೆಗಾವಾಟ್ ವಿದ್ಯುದಾಗಾರ, ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಹಾರುಬೂದಿ ಇವು ಈ ನಾಡಿನ ಬೆಳಕಿಗೆ ಉಡುಪಿ, ಶಿವಮೊಗ್ಗ ಜಿಲ್ಲೆಗಳು ತೆತ್ತ ಬೆಲೆ. ವಿನ್ಯಾಸ ಕೊಠಡಿಯ ತೆರೆಯೂ ಅದೇ ಬೆಳಕಿನಲ್ಲಿ ಹೊಳೆಯುತ್ತದೆ. ಆದುದರಿಂದ ಘಟ್ಟದ ಋಣ ಅದಕ್ಕೂ ಇದೆ.

ಹಾಗಾದರೆ ಆಗಬೇಕಾದುದೇನು? ವಿನ್ಯಾಸ ಶಾಲೆಗಳು ಯೋಜನೆಯ ಮೌಲ್ಯಮಾಪನದಲ್ಲಿ ಒಂದು ಪಾಲನ್ನು ಆ ಕೃತಿ ಯಾರ ಕುರಿತಾದುದೋ ಅವರ ಅಭಿಪ್ರಾಯಕ್ಕೆ ಮೀಸಲಿಡಲಿ. ಊರಿನ ಕುರಿತ ಕೃತಿಯ ಮೊದಲ ಪ್ರದರ್ಶನ ಊರ ಶಾಲೆಯಲ್ಲಿಯೋ ಪಂಚಾಯತಿಯ ಅಂಗಳದಲ್ಲಿಯೋ ನಡೆಯಲಿ. 2015ರಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆ ‘ಸ್ಟೋರಿವೀವರ್’ ಮೂಲಕ ಮಕ್ಕಳ ಸಚಿತ್ರ ಕಥೆಗಳನ್ನು ಎಲ್ಲರೂ ಬಳಸಲು ಮುಕ್ತಗೊಳಿಸಿದಂತೆ, ಈ ಚಿತ್ರಗಳೂ ನಕ್ಷೆಗಳೂ ಮುಕ್ತ ಪರವಾನಗಿಯಲ್ಲಿ ಊರಿಗೆ ದೊರೆಯಲಿ. ಪಂಚಾಯತಿಗಳು ದಾಖಲಾತಿಯ ಪರಿಷ್ಕರಣೆಗೆ ಸ್ಥಳೀಯ ವಿನ್ಯಾಸ ಪದವೀಧರರನ್ನು ಸಂಭಾವನೆಯೊಡನೆ ಕರೆಯಲಿ. ಚಳವಳಿಯವರೂ ಕರಪತ್ರಗಳ ಒತ್ತೊತ್ತಾದ ಅಕ್ಷರಗಳಿಗೆ ಜನ ಕಣ್ಣು ಹಾಯಿಸುತ್ತಾರೆಂಬ ಭ್ರಮೆಯನ್ನು ಬಿಟ್ಟು ಈ ಯುವಜನರ ಮಾತಿಗೆ ಕಿವಿಗೊಡಲಿ.

ಮುಂದಿನ ಕರಡು ಅಧಿಸೂಚನೆ, ಮುಂದಿನ ರಸ್ತೆ, ಮುಂದಿನ ಕಾಲುವೆ ಬಂದೇ ಬರುತ್ತವೆ. ಅದರ ವಿವರ ಮೊದಲು ತಲುಪುವುದು ಗುತ್ತಿಗೆದಾರನ ಕೈಗೋ, ಗ್ರಾಮಸಭೆಯ ಗೋಡೆಗೋ ಎಂಬುದರ ಮೇಲೆ ಹಲವು ಹಾಡಿಗಳ, ಪಾರೆಗಳ ಅಳಿವು ಉಳಿವು ನಿಂತಿದೆ. ಆ ಗೋಡೆಗೆ ಬೇಕಾದ ನಕ್ಷೆಯನ್ನು ಬರೆಯಬಲ್ಲ ಕೈಗಳು ಈ ಮೂರು ತಾಲೂಕುಗಳ ಮನೆಗಳಲ್ಲಿಯೇ ಬೆಳೆದಿವೆ. ಅವುಗಳಿಗೆ ಕೆಲಸ ಹೇಳುವ ಹೊಣೆ ಊರಿನದು.