ಅಂಗೈಯಗಲದ ನೆರಳು

ಬೆಂಗಳೂರಿನಲ್ಲಿ ಮನೆಯ ತಾರಸಿಯ ಮೇಲೆ ಸೌರ ಫಲಕಗಳನ್ನು ಹಾಕಿಸುವ ಗೃಹಸ್ಥರು ಹೆಚ್ಚುತ್ತಿದ್ದಾರೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಮೂರು ಕಿಲೋವಾಟ್ ಏರ್ಪಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಆದರೆ ಅಷ್ಟು ಹಣ ಸುರಿದ ಮೇಲೂ ವಿದ್ಯುತ್ ಬಿಲ್ಲು ನೆನೆಸಿದಷ್ಟು ಇಳಿಯದೆ, ಮನೆಮಂದಿಯ ಕೋಪ ಹಿತ್ತಿಲ ತೆಂಗಿನ ಮರದ ಮೇಲೆ ತಿರುಗುವುದುಂಟು. ಕೊಡಲಿಯನ್ನು ಎತ್ತುವ ಮುನ್ನ ನೆರಳಿನ ನಡೆಯನ್ನು ಅರಿಯುವುದು ಲೇಸು.

ಸಾಮಾನ್ಯ ಫಲಕವೊಂದರಲ್ಲಿ ಅಂಗೈಗಿಂತ ತುಸು ಅಗಲವಾದ 60 ಕೋಶಗಳು ಒಂದರ ಬೆನ್ನಿಗೊಂದು ಜೋಡಣೆಗೊಂಡಿರುತ್ತವೆ. ಸಾಲಾಗಿ ನಿಂತು ಬಿಂದಿಗೆಗಳನ್ನು ಕೈಯಿಂದ ಕೈಗೆ ದಾಟಿಸುವವರಲ್ಲಿ ಒಬ್ಬನು ತಡಮಾಡಿದರೂ ಸಾಲೇ ನಿಧಾನವಾಗುವಂತೆ, ಒಂದು ಕೋಶಕ್ಕೆ ನೆರಳು ಬಿದ್ದರೆ ಉಳಿದವುಗಳ ವಿದ್ಯುತ್ಪ್ರವಾಹವೂ ಕುಗ್ಗುತ್ತದೆ. ನೆರಳಿನ ಕೋಶವು ಕಾದು ಕೆಡುವ ಭಯವೂ ಉಂಟು. ಇದಕ್ಕಾಗಿ 20 ಕೋಶಗಳ ಗುಂಪಿಗೊಂದರಂತೆ ಮೂರು ಡಯೋಡ್‌ಗಳನ್ನು ಅಳವಡಿಸಿರುತ್ತಾರೆ. ಇವು ಕುಂಟುವ ಗುಂಪನ್ನು ಬಿಟ್ಟು ಪ್ರವಾಹಕ್ಕೆ ಬೇರೆ ದಾರಿಯನ್ನು ಒದಗಿಸುತ್ತವೆ. ಆದರೂ ಅರವತ್ತರಲ್ಲಿ ಒಂದೇ ಕೋಶ ಪೂರ್ತಿ ಮರೆಯಾದರೆ, ಫಲಕದ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ನಷ್ಟವಾಗುತ್ತದೆ.

ಆದಕಾರಣ ಮೊದಲ ಉಪಾಯಕ್ಕೆ ಕಾಸು ಬೇಕಿಲ್ಲ, ಕಣ್ಣು ಬೇಕು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಫಲಕಗಳಿಗಿಂತ 6 ಅಡಿ ಮೇಲೆದ್ದ ನೀರಿನ ತೊಟ್ಟಿಯು ನಡುಹಗಲಿನಲ್ಲಿಯೂ ಉತ್ತರಕ್ಕೆ ಸುಮಾರು ನಾಲ್ಕೂವರೆ ಅಡಿ ನೆರಳನ್ನು ಚೆಲ್ಲುತ್ತದೆ. ಬೆಳಗು ಸಂಜೆಗಳಲ್ಲಿ ಅದು ಇನ್ನೂ ಉದ್ದ. ಜೂನ್‌ನಲ್ಲಿ ನಡುಹಗಲಿನ ನೆರಳು ತುಸುವೇ ದಕ್ಷಿಣಕ್ಕೆ ಬೀಳುತ್ತದೆ. ಒಂಬತ್ತರಿಂದ ಮೂರು ಗಂಟೆಯವರೆಗೆ ಇಂತಹ ನೆರಳು ತಾಗದ ಎಡೆಯಲ್ಲಿ ಫಲಕಗಳನ್ನು ಕೂಡಿಸುವುದೇ ಉತ್ತಮ.

ಎಡೆಯಿಲ್ಲದಿದ್ದರೆ, ಒಂದೇ ಹೊತ್ತಿಗೆ ನೆರಳಾಗುವ ಫಲಕಗಳನ್ನು ಪ್ರತ್ಯೇಕ ಸಾಲಾಗಿಸಿ, ಇನ್ವರ್ಟರಿನ ಬೇರೆ ಪ್ರವೇಶಕ್ಕೆ ಸೇರಿಸಬೇಕು. ಫಲಕಕ್ಕೊಂದರಂತೆ ಆಪ್ಟಿಮೈಸರನ್ನೋ ಮೈಕ್ರೋ ಇನ್ವರ್ಟರನ್ನೋ ಜೋಡಿಸಿದರೆ ಒಂದರ ಕೊರತೆ ಮತ್ತೊಂದಕ್ಕೆ ತಟ್ಟದು. ಕೋಶಗಳನ್ನು ಇಬ್ಭಾಗಿಸಿ ಮೇಲಿನ ಮತ್ತು ಕೆಳಗಿನ ಅರ್ಧಗಳನ್ನು ಬೇರೆಬೇರೆಯಾಗಿ ದುಡಿಸುವ ಫಲಕಗಳೂ ದೊರೆಯುತ್ತವೆ. ಆದರೆ ಈ ಯಾವ ಸಾಧನವೂ ನೆರಳಿನಿಂದ ಬೆಳಕನ್ನು ಸೃಷ್ಟಿಸಲಾರದು. ದಿನವಿಡೀ ಮಬ್ಬಾಗಿರುವ ತಾರಸಿಗೆ ಅವುಗಳನ್ನು ಕೊಳ್ಳುವುದು ದುಂದುವೆಚ್ಚವೇ ಸರಿ.

ಎಷ್ಟೋ ವೇಳೆ ಒಂದು ಕಂಬಿಯನ್ನು ಸರಿಸಿದರೆ, ಹಕ್ಕಿಯ ಹಿಕ್ಕೆಯನ್ನು ತೊಳೆದರೆ, ಒಣಗಿದ ನಾಲ್ಕು ಗರಿಗಳನ್ನು ಇಳಿಸಿದರೆ ಸಾಕಾಗುತ್ತದೆ. ಫಲಕವನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಬೇರೆಡೆ ಕೂಡಿಸಬಹುದು. ಕಡಿದ ತೆಂಗನ್ನು ಮತ್ತೆ ನಿಲ್ಲಿಸಲಾಗದು.